ಫೋನ್ ಬಂದ ಮೇಲೆ ಎಷ್ಟು ಗಂಟೆ?

ಫೈನಲ್ ಇಯರ್‌ಗೆ ಬಂದ ಮೇಲೆ ನಮ್ಮ ಹಾಸ್ಟೆಲ್‌ನಲ್ಲಿ ದಿನಕ್ಕೆ ಹತ್ತು ಸಲ ಕೇಳಿಬರುವ ಊರು ಸ್ಯಾನ್ ಫ್ರಾನ್ಸಿಸ್ಕೋ. ಎಂಎಸ್ ಅಂದ್ರೂ ಅದೇ, ಕೆಲಸ ಅಂದ್ರೂ ಅದೇ. ಬೆಂಗಳೂರಿನಿಂದ ಅಲ್ಲಿಗೆ ಎಷ್ಟು ದೂರ ಅಂತ ಒಂದು ರಾತ್ರಿ ನಮ್ಮ ರೂಮಿನವರೆಲ್ಲ ಸೇರಿ ಲೆಕ್ಕ ಹಾಕಿದೆವು. ಎರಡೂ ಊರುಗಳ ಅಕ್ಷಾಂಶ-ರೇಖಾಂಶ, ಭೂಮಿಯ ತ್ರಿಜ್ಯ 6,371 ಕಿ.ಮೀ., ಹ್ಯಾವರ್‌ಸೈನ್ ಸೂತ್ರ, ಹತ್ತು ಸಾಲಿನ ಪೈಥಾನ್. ಬಂದ ಉತ್ತರ ಸುಮಾರು 13,990 ಕಿ.ಮೀ. ಭೂಮಿಯ ಸುತ್ತಳತೆಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ!

ಗೋಡೆ ಮೇಲಿನ ನಕ್ಷೆಯಲ್ಲಿ ಸ್ಕೇಲ್ ಇಟ್ಟರೆ ದಾರಿ ಸಹಾರಾ, ಅಟ್ಲಾಂಟಿಕ್ ದಾಟಿ ಹೋಗುತ್ತೆ. ಆದರೆ ಗ್ಲೋಬಿನ ಮೇಲೆ ದಾರ ಎಳೆದು ಹಿಡಿದರೆ ಅತಿ ಹತ್ತಿರದ ದಾರಿ ಚೀನಾ, ಸೈಬೀರಿಯಾ ಮೇಲೆ ಉತ್ತರಕ್ಕೆ ಏರಿ ಆಮೇಲೆ ಕೆಳಗಿಳಿಯುತ್ತೆ. ವಿಮಾನಗಳು ಗಾಳಿ ನೋಡಿಕೊಂಡು ದಾರಿ ಬದಲಿಸುತ್ತವೆ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳು ಏರ್ ಇಂಡಿಯಾದ ಬೋಯಿಂಗ್ 777 ಅನ್ನು ಅಲ್ಲಿಂದ ಉತ್ತರ ಧ್ರುವದ ಮೇಲೆ ಹಾರಿಸಿ ತಂದರು. 9ರ ರಾತ್ರಿ ಹೊರಟಿದ್ದು, ಬೆಂಗಳೂರಿನಲ್ಲಿ ಇಳಿದದ್ದು 11ರ ಬೆಳಗಿನ ಜಾವ. ಹಾರಿದ್ದು ಸುಮಾರು 17 ಗಂಟೆ, ಉಳಿದದ್ದೆಲ್ಲ ಹದಿಮೂರೂವರೆ ಗಂಟೆ ಸಮಯ ವ್ಯತ್ಯಾಸದ ಆಟ.

ನಮ್ಮಲ್ಲೊಬ್ಬನ ಊರು ಬೀದರ್ ಜಿಲ್ಲೆಯ ಹಳ್ಳಿ. ಅವನಿಗೆ ಅಲ್ಲಿ ಸೀಟು ಸಿಕ್ಕಿದೆ. ಹದಿನಾರು-ಹದಿನೇಳು ಗಂಟೆ ಅಂದಾಗ ಅವನ ಅವ್ವ ನಕ್ಕುಬಿಟ್ಟರು: "ಅಷ್ಟೇ ಏನು? ನಮ್ಮೂರಿಗೂ ಅಷ್ಟೇ ಹೊತ್ತು ಹಿಡೀತದಲ್ಲ!" ಮಾತು ಸುಳ್ಳಲ್ಲ. 700 ಕಿ.ಮೀ., ಎರಡು ಬಸ್ಸು, ಬೆಂಗಳೂರಿನ ಟ್ರಾಫಿಕ್ಕು ಸೇರಿದರೆ ಹೆಚ್ಚುಕಮ್ಮಿ ಅಷ್ಟೇ.

ಆದರೆ ಕಳೆದ ಮಳೆಗಾಲದಲ್ಲಿ ಅವನ ಅಜ್ಜ ತೀರಿಕೊಂಡಾಗ ಸಂಜೆ ಆರಕ್ಕೆ ಫೋನ್ ಬಂತು, ಎಂಟರ ಬಸ್ಸಿಗೆ ನಾವೇ ಹತ್ತಿಸಿ ಬಂದೆವು. ಮರುದಿನ ಮಧ್ಯಾಹ್ನ ಅಜ್ಜನ ಮಣ್ಣಿಗೆ ಅವನು ಸಿಕ್ಕ. ಅದೇ ಫೋನು ಅಲ್ಲಿಗೆ ಹೋಗಿದ್ದರೆ? ಟಿಕೆಟ್ ಸಿಗಬೇಕು, ಆ ದಿನ ವಿಮಾನ ಇರಬೇಕು, ರಜೆ, ವೀಸಾ ಕಾಗದ ಎಲ್ಲ ಸರಿ ಇರಬೇಕು, ಆಮೇಲೆ ಮತ್ತೆ ಅದೇ ಬೀದರ್ ಬಸ್ಸು. ಎಲ್ಲ ಕೂಡಿಬಂದರೂ ಎರಡು ದಿನ. ಹಳ್ಳಿಯಲ್ಲಿ ಅಷ್ಟು ಹೊತ್ತು ಯಾರೂ ಕಾಯುವುದಿಲ್ಲ.

ಅವನೇನೂ ಹೋಗೋದು ಬಿಡ್ತಿಲ್ಲ. ಬಿಡು ಅಂತ ನಾವೂ ಹೇಳಿಲ್ಲ. ಪರೀಕ್ಷೆ ಮುಗಿದ ಮೇಲಿನ ಗೋವಾ ಟ್ರಿಪ್ ಮಾತ್ರ ಕೈಬಿಟ್ಟು, ಎರಡು ತಿಂಗಳು ಅಜ್ಜಿ ಜತೆ ಊರಲ್ಲೇ ಇರ್ತಾನಂತೆ.

ಕಾಲೇಜು, ಫೀಸು, ಲೋನು, ಬಾಡಿಗೆ ಎಲ್ಲದಕ್ಕೂ ನಮ್ಮ ರೂಮಿನಲ್ಲಿ ಒಂದು ಎಕ್ಸೆಲ್ ಶೀಟ್ ಇದೆ. ಅದಕ್ಕೀಗ ಇನ್ನೊಂದು ಕಾಲಂ ಸೇರಿಸಿದ್ದೇವೆ: ಫೋನ್ ಬಂದ ಮೇಲೆ ಮನೆ ಮುಟ್ಟಲು ಎಷ್ಟು ಗಂಟೆ? ಅಪ್ಲಿಕೇಶನ್ ತುಂಬುವ ಮುಂಚೆ ನೀವೂ ಒಮ್ಮೆ ನಿಮ್ಮೂರಿನ ಲೆಕ್ಕ ಹಾಕಿ ನೋಡಿ.