ಎರಡು ಸಾವಿರ ಗಜ ನೂಲು

1924ರ ಡಿಸೆಂಬರ್ 26. ನಸುಕಿನ ಥಂಡಿ ನಿಮ್ಮ ಮೊಣಕಾಲಿಗೆ ಇಳಿದಿದೆ. ಬೆಳಗಾವಿಯ ಟಿಳಕವಾಡಿಯ ಬಯಲಲ್ಲಿ ಕಾಂಗ್ರೆಸ್ ಅಧಿವೇಶನಕ್ಕಾಗಿ ಎದ್ದ ‘ವಿಜಯನಗರ’ದ ಅಂಚಿನಲ್ಲಿ, ತಟ್ಟಿ ಕಟ್ಟಿದ ಪಾಯಖಾನೆಗಳ ಹಿಂದೆ, ಸಲಿಕೆ ಹಿಡಿದು ನಿಂತಿದ್ದೀರಿ. ಖಾನಾಪುರದಲ್ಲಿ ರೈಲು ಹತ್ತುವಾಗ ಗಾಂಧೀಜಿಯ ಮುಖ ನೋಡುವ ಆಸೆಯೊಂದೇ ಇತ್ತು. ಹರ್ಡೀಕರರ ಸ್ವಯಂಸೇವಕ ಪಡೆ, ಸೇವಾದಳ, ನಿಮಗೆ ಹಚ್ಚಿದ್ದು ಈ ಪಾಳಿ.

ನಾತ ಹೊಟ್ಟೆಯನ್ನೇ ಹಿಡಿದು ತಿರುವುತ್ತದೆ. ಬಾಯಿ ತುಂಬ ಹುಳಿನೀರು. ಈ ಕೆಲಸ ಮಾಡುವವರ ನೆರಳನ್ನೂ ನಿಮ್ಮ ಮನೆಯವರು ಅಂಗಳಕ್ಕೆ ಬಿಟ್ಟವರಲ್ಲ. ಪಕ್ಕದಲ್ಲಿ ಜನಿವಾರದ ಹುಡುಗನೊಬ್ಬ ತುಟಿ ಕಚ್ಚಿಕೊಂಡು ಗುಂಡಿಗೆ ಮಣ್ಣು ಎಳೆಯುತ್ತಿದ್ದಾನೆ. ಊರಿಗೆ ಸುದ್ದಿ ಮುಟ್ಟಿದರೆ? ಅವ್ವ ಅಡುಗೆಮನೆಗೆ ಬಿಟ್ಟುಕೊಂಡಾಳೆ? ನಾಳೆ ಲಗ್ನಕ್ಕೆ ಹೆಣ್ಣು ಕೊಡುವವರಾರು? ಸಲಿಕೆ ಬಿಸಾಕಿ ಸ್ಟೇಶನ್ನಿನ ಹಾದಿ ಹಿಡಿಯಬಹುದು, ಯಾರೂ ತಡೆಯುವುದಿಲ್ಲ. ಉಸಿರು ಬಿಗಿಹಿಡಿಯುತ್ತೀರಿ. ಬಾಗುತ್ತೀರಿ. ಎಳೆಯುತ್ತೀರಿ.

ಕಾಂಗ್ರೆಸ್ ನಾಯಕ ಗಂಗಾಧರರಾವ್ ದೇಶಪಾಂಡೆಯವರು ಈ ಅಧಿವೇಶನಕ್ಕೆಂದೇ ತೋಡಿಸಿದ ಬಾವಿಗೆ ‘ಪಂಪಾ ಸರೋವರ’ ಎಂದು ಹೆಸರು. ಪಾಳಿ ಮುಗಿದ ಮೇಲೆ ಆ ನೀರು ತಲೆಯ ಮೇಲೆ ಬಿದ್ದಾಗ ಹಲ್ಲು ಕಟಕಟಿಸುತ್ತವೆ. ಎಷ್ಟು ತಿಕ್ಕಿದರೂ ಅಂಗೈಯಲ್ಲಿ ಇನ್ನೂ ಏನೋ ಉಳಿದಂತೆ ಅನಿಸುತ್ತದೆ.

ಮಂಟಪದೊಳಗೆ ಕಾಲಿಡಲು ಜಾಗವಿಲ್ಲ. ಒರಟು ಖಾದಿ, ಬೆವರು, ಹಸಿ ಬಿದಿರಿನ ವಾಸನೆ. ಹುಯಿಲಗೋಳ ನಾರಾಯಣರಾಯರ ಹಾಡು ಚೆಲುವ ಕನ್ನಡ ನಾಡಿನ ಉದಯವನ್ನು ಹಾರೈಸುವಾಗ ನಿಮ್ಮ ಮೈ ನವಿರೇಳುತ್ತದೆ. ಅಂಥ ನಾಡು ಸರಕಾರದ ನಕಾಶೆಯಲ್ಲಿಲ್ಲ. ನೀವು ಮುಂಬಯಿ ಇಲಾಖೆಯವರು, ಬಳ್ಳಾರಿಯವರು ಮದ್ರಾಸಿನವರು, ರಾಯಚೂರಿನವರು ನಿಜಾಮನವರು.

ಅಧ್ಯಕ್ಷ ಗಾಂಧೀಜಿಯ ಭಾಷಣದ ಅಚ್ಚಿನ ಪ್ರತಿ ಕೈಯಿಂದ ಕೈಗೆ ಬರುತ್ತಿದೆ. ಇಂಗ್ಲಿಷ್ ಬಲ್ಲ ಹಿರಿಯರೊಬ್ಬರು ಬೆರಳಿಟ್ಟು ಪಿಸುಗುಡುತ್ತಾರೆ. “ಸ್ವರಾಜ್ಯ ಬಂದ ಮ್ಯಾಲ ಹ್ಯಾಂಗಿರಬೇಕು ಅಂತ ಬರದಾರ, ಕೇಳು. ಮತಕ್ಕ ಆಸ್ತಿ ನೋಡೂದಿಲ್ಲ, ಮೈಮುರಿದು ದುಡೀಬೇಕು ಅಷ್ಟ. ಪ್ರಾಂತಗಳು ಭಾಷಾದ ಮ್ಯಾಲ. ಕೋರ್ಟು ಕಚೇರಿ ಪ್ರಾಂತದ ಭಾಷಾದಾಗ. ಕಡೇ ಅಪೀಲು ಲಂಡನ್ನಿಗಲ್ಲ, ದಿಲ್ಲಿಗೆ.”

ಆಸ್ತಿ ನೋಡುವುದಿಲ್ಲ. ನಿಮ್ಮ ಎದೆ ಅಲ್ಲೇ ನಿಲ್ಲುತ್ತದೆ. ಮುಂಬಯಿ ಕೌನ್ಸಿಲ್ಲಿಗೆ ಮತ ಹಾಕುವವರು ಭೂಮಿ, ಕಂದಾಯ ಇದ್ದವರು. ನಿಮ್ಮಪ್ಪ ಒಮ್ಮೆಯೂ ಹಾಕಿಲ್ಲ. ಸಂವಿಧಾನ ಸಭೆ ಸೇರಲು ಇನ್ನೂ ಇಪ್ಪತ್ತೆರಡು ವರ್ಷವಿದೆ. ಅಸ್ಪೃಶ್ಯತೆಯನ್ನು ತೊಡೆಯುವ 17ನೇ ವಿಧಿ, ವಯಸ್ಕರೆಲ್ಲರಿಗೂ ಮತ ಕೊಡುವ 326ನೇ ವಿಧಿ ಇನ್ನೂ ಯಾರ ಲೇಖನಿಗೂ ಬಂದಿಲ್ಲ. ಆದರೆ ಅವುಗಳ ಬೀಜ ಈ ಕೆಂಪು ಮಣ್ಣಿಗೆ ಬಿದ್ದಿದೆ ಎಂದು ನಾನು ನಂಬುತ್ತೇನೆ. ಕಾಗದದಲ್ಲಿ ಎಷ್ಟೋ, ಬೆಳಗಿನ ಆ ಗುಂಡಿಗಳಲ್ಲೂ ಅಷ್ಟೇ.

ಠರಾವು ಬರುತ್ತದೆ. ಗದ್ದಲ ಏರುತ್ತದೆ. ಕೌನ್ಸಿಲ್ ಹೊಕ್ಕ ಚಿತ್ತರಂಜನ ದಾಸ್, ಮೋತಿಲಾಲ ನೆಹರೂ ಅವರ ಸ್ವರಾಜ್ಯ ಪಕ್ಷ ಒಂದು ಕಡೆ, ಕೌನ್ಸಿಲ್ ಹೊಗುವುದನ್ನು ಒಪ್ಪದ ಚರಕದವರು ಇನ್ನೊಂದು ಕಡೆ. ಒಡೆದರೆ ಇಲ್ಲೇ ಒಡೆಯಬೇಕು. ಇಬ್ಬರನ್ನೂ ಕಟ್ಟಿಹಾಕುವ ಒಪ್ಪಂದ ಇದು: ಅಸಹಕಾರ ಸದ್ಯಕ್ಕೆ ನಿಲ್ಲಲಿ, ಕೌನ್ಸಿಲ್ ಕೆಲಸ ಸ್ವರಾಜ್ಯ ಪಕ್ಷದವರಿಗಿರಲಿ, ಸದಸ್ಯತ್ವಕ್ಕೆ ನಾಲ್ಕಾಣೆಯ ಬದಲು ತಿಂಗಳಿಗೆ 2000 ಗಜ ನೂಲು. ತಾನು ನೂಲಲಾರದವನು ಬೇರೆಯವರಿಂದ ನೂಲಿಸಿ ಕೊಡಬಹುದು. ನಿಮ್ಮ ಗಂಟಲು ಒಣಗುತ್ತದೆ. ಪರ, ವಿರೋಧ, ಮತ್ತೆ ಪರ. ಕೈಗಳು ಏಳುತ್ತವೆ. ಠರಾವು ಪಾಸು!

ಕಠಿಣ ನಿಯಮ. ವರ್ಷ ತುಂಬುವ ಮೊದಲೇ, 1925ರ ಸೆಪ್ಟೆಂಬರಿನಲ್ಲಿ, ಪಾಟ್ನಾದಲ್ಲಿ ಅದು ಸಡಿಲಾಗುತ್ತದೆ; ನಾಲ್ಕಾಣೆ ಮರಳುತ್ತದೆ. ಅದು ನಿಮಗಿನ್ನೂ ಗೊತ್ತಿಲ್ಲ. ಕಿಸೆಯಲ್ಲಿ ನಾಲ್ಕಾಣೆ ಬೆಚ್ಚಗಿದೆ. ಅದರಿಂದ ಇನ್ನೊಬ್ಬರ ನೂಲು ಕೊಳ್ಳಬಹುದು.

“ತಮ್ಮಾ, ಮುಂಜಾನೆ ನಿನ್ನ ಪಾಳಿ ಮತ್ತ ಐತಿ,” ಎನ್ನುತ್ತಾರೆ ದಳದ ನಾಯಕರು.

“ಬರ್ತೀನ್ರಿ ಅಣ್ಣಾರ. ನೂಲೋ ತಕಲಿ ಎಲ್ಲಿ ಸಿಗತೈತ್ರಿ?”