ಒಂದಕ್ಕೆ ಒಂದು ನೀರು

ನಮ್ಮ ಮನೆಯಲ್ಲಿ ಬೆಳಗಿನ ರೊಟ್ಟಿ ಕೆಲಸ ನನ್ನ ಪಾಲಿಗೆ ಬಂದು ಎರಡು ವರ್ಷವಾಯಿತು. ಅಮ್ಮನ ಬಲಗೈ ಭುಜದಿಂದ ಮೇಲೆ ಏಳುವುದಿಲ್ಲ. ಡಾಕ್ಟರು ‘ಫ್ರೋಜನ್ ಶೋಲ್ಡರ್’ ಅಂದರು, ಸಕ್ಕರೆ ಕಾಯಿಲೆ ಇದ್ದವರಿಗೆ ಇದು ಜಾಸ್ತಿ ಅಂದರು, ಬಾವಿಯಿಂದ ನೀರು ಸೇದುವುದನ್ನೂ ಹಿಟ್ಟು ನಾದುವುದನ್ನೂ ಬಿಡಿ ಅಂದರು. ನೀರಿಗೆ ಮೋಟಾರು ಹಾಕಿಸಿದೆವು. ಹಿಟ್ಟಿಗೆ ನಾನು ಬಂದೆ.

ಊರು ಮೂಡಿಗೆರೆಗೂ ಕಳಸಕ್ಕೂ ನಡುವೆ. ಅಪ್ಪನಿಗೆ ಮೂರು ಎಕರೆ ಕಾಫಿ, ಅದರ ಕೆಳಗೆ ಹಳ್ಳದ ಪಕ್ಕ ಮೂರು ಗದ್ದೆ. ಅಜ್ಜಿಗೆ ಎಂಬತ್ತು ದಾಟಿದೆ. ತಂಗಿ ಚಿಕ್ಕಮಗಳೂರಿನ ಹಾಸ್ಟೆಲ್ಲಿನಲ್ಲಿದ್ದಾಳೆ. ನಾನು ಪತ್ರಿಕೆಗೆ ಸುದ್ದಿ ಕಳಿಸುವವನು. ಸುದ್ದಿ ಹುಟ್ಟುವುದು ಸಾಮಾನ್ಯವಾಗಿ ಹತ್ತು ಗಂಟೆಯ ಮೇಲೆ. ಹಾಗಾಗಿ ಬೆಳಿಗ್ಗೆ ಆರರಿಂದ ಎಂಟರವರೆಗೆ ನನಗೆ ‘ಕೆಲಸವಿಲ್ಲ’ ಎಂದು ಮನೆಯಲ್ಲಿ ಎಲ್ಲರೂ ಒಪ್ಪಿದರು.

ಪತ್ರಿಕೋದ್ಯಮ ಓದಿದವರಿಗೆ ಸಿಕ್ಕಿದ್ದಕ್ಕೆಲ್ಲ ಲೆಕ್ಕ ಹಾಕುವ ಚಟ. ಅಮ್ಮ ಈ ಮನೆಗೆ ಮದುವೆಯಾಗಿ ಬಂದದ್ದು 1990ರಲ್ಲಿ. ದಿನಕ್ಕೆ ಇಪ್ಪತ್ತು ರೊಟ್ಟಿ, ವರ್ಷಕ್ಕೆ ಮುನ್ನೂರು ದಿನ, ಮೂವತ್ತನಾಲ್ಕು ವರ್ಷ. ಎರಡು ಲಕ್ಷದ ನಾಲ್ಕು ಸಾವಿರ ರೊಟ್ಟಿ. ನೆಂಟರು ಬಂದ ದಿನಗಳನ್ನು, ಕಾಫಿ ಕೊಯ್ಲಿನ ಆಳುಗಳಿಗೆ ಮಾಡಿದ್ದನ್ನು ಇದರಲ್ಲಿ ಸೇರಿಸಿಲ್ಲ. ಅಮ್ಮನಿಗೆ ಹೇಳಿದೆ. “ಅಷ್ಟಾ? ಹಂಗಾದ್ರೆ ಕೈ ನೋವು ಬಂದದ್ದು ಸರಿಯೇ ಇದೆ ಮಾರಾಯ” ಅಂದರು, ಕಾಯಿ ತುರಿಯಲು ಕೂತರು. ಅದೂ ಬಲಗೈಯಲ್ಲೇ.

ಮಲೆನಾಡಿನ ಅಕ್ಕಿ ರೊಟ್ಟಿ ಮೈಸೂರು ಕಡೆಯ ತಟ್ಟಿದ ರೊಟ್ಟಿಯಲ್ಲ. ಈರುಳ್ಳಿ, ಸಬ್ಬಸಿಗೆ, ಜೀರಿಗೆ ಏನೂ ಇಲ್ಲ. ಹಿಟ್ಟು, ನೀರು, ಉಪ್ಪು. ಬೇರೇನೂ ಇಲ್ಲದ್ದರಿಂದ ಏನನ್ನೂ ಮುಚ್ಚಿಡಲು ಬರುವುದಿಲ್ಲ. ಗೋಧಿ ಹಿಟ್ಟಿಗೆ ತಣ್ಣೀರು ಹಾಕಿ ನಾದಿದರೂ ಅದರಲ್ಲಿರುವ ಅಂಟು ಅದನ್ನು ಹಿಡಿದುಕೊಳ್ಳುತ್ತದೆ, ಎಳೆದರೆ ಹಿಗ್ಗುತ್ತದೆ. ಅಕ್ಕಿಯಲ್ಲಿ ಆ ಅಂಟಿಲ್ಲ. ತಣ್ಣೀರಲ್ಲಿ ಕಲಸಿದ ಅಕ್ಕಿ ಹಿಟ್ಟು ಹೊಳೆದಂಡೆಯ ಮರಳಿನ ಹಾಗೆ, ಕೈ ತೆಗೆದರೆ ಕುಸಿಯುತ್ತದೆ. ಅದಕ್ಕೇ ಬಿಸಿ ನೀರು. ಎಪ್ಪತ್ತು ಡಿಗ್ರಿಯ ಆಸುಪಾಸಿನಲ್ಲಿ ಅಕ್ಕಿಯ ಪಿಷ್ಟ ನೀರು ಕುಡಿದು ಉಬ್ಬಿ ಗಂಜಿಯಾಗುತ್ತದೆ, ಆ ಗಂಜಿಯೇ ಉಳಿದ ಹಿಟ್ಟನ್ನು ಕಟ್ಟುವ ಅಂಟು. ಅಜ್ಜಿ ಇದನ್ನು “ಹಿಟ್ಟು ಅರ್ಧ ಬೇಯಬೇಕು, ಅರ್ಧ ಬೇಯಬಾರದು” ಎಂದು ಹೇಳುತ್ತಾರೆ. ಪುಸ್ತಕ ಓದಿದ ಮೇಲೂ ನನಗೆ ಅಜ್ಜಿಯ ಮಾತೇ ಹೆಚ್ಚು ಕೆಲಸಕ್ಕೆ ಬಂದಿದೆ.

ಮಾಡುವ ಕ್ರಮ ಹೀಗೆ. ದಪ್ಪ ತಳದ ಪಾತ್ರೆಯಲ್ಲಿ ಉಪ್ಪು ಹಾಕಿದ ನೀರು ಮರಳಬೇಕು. ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯಬೇಕು, ಕಲಕಬಾರದು. ಗುಡ್ಡೆಯ ನಡುವೆ ಕೋಲಿನಲ್ಲಿ ಒಂದು ತೂತು ಮಾಡಿದರೆ ಕೆಳಗಿನ ನೀರು ಅದರಿಂದ ಮೇಲೆ ಉಕ್ಕುತ್ತದೆ. ಉರಿ ಸಣ್ಣ ಮಾಡಿ, ಮುಚ್ಚಿ, ಐದು ನಿಮಿಷ ಬಿಡಬೇಕು. ಆಮೇಲೆ ಕೆಳಗಿಳಿಸಿ, ಪಾತ್ರೆಯನ್ನು ಎರಡು ಕಾಲಿನ ನಡುವೆ ಒತ್ತಿ ಹಿಡಿದು, ಕೋಲಿನಿಂದ ತೊಳಸಬೇಕು. ಭುಜ ಹಾಳಾಗುವುದು ಇಲ್ಲೇ. ರಾತ್ರಿಯ ಅನ್ನ ಉಳಿದಿದ್ದರೆ ಒಂದು ಹಿಡಿ ಮಿದ್ದು ಇದಕ್ಕೇ ಸೇರಿಸುತ್ತೇವೆ, ರೊಟ್ಟಿ ಮಧ್ಯಾಹ್ನದವರೆಗೂ ಮೆತ್ತಗಿರುತ್ತದೆ. ಹಿಟ್ಟು ಇನ್ನೂ ಕೈ ಸುಡುವಾಗಲೇ ನಾದಬೇಕು. ಪಕ್ಕದಲ್ಲಿ ತಣ್ಣೀರಿನ ಬಟ್ಟಲು, ಬೆರಳು ಅದ್ದುವುದು, ನಾದುವುದು, ಮತ್ತೆ ಅದ್ದುವುದು. ತಣ್ಣಗಾದ ಮೇಲೆ ನಾದುತ್ತೇನೆ ಅಂದರೆ ಅದು ಕೇಳುವುದಿಲ್ಲ. ಲಟ್ಟಿಸಿದಾಗ ಅಂಚು ಒಡೆಯದಿದ್ದರೆ ಹಿಟ್ಟು ಸರಿಯಾಗಿದೆ. ಎಣ್ಣೆ ಇಲ್ಲದ ಕಾವಲಿಯಲ್ಲಿ ಎರಡೂ ಕಡೆ ಚೂರು ಬೇಯಿಸಿ, ಒಲೆಯ ಬಾಯಿಗೆ ಎಳೆದ ಕೆಂಡದ ಮೇಲೆ ನಿಲ್ಲಿಸಿದರೆ ಉಬ್ಬುತ್ತದೆ. ಗ್ಯಾಸಿನ ಉರಿಯಲ್ಲೂ ಉಬ್ಬುತ್ತದೆ, ಆದರೆ ಅಪ್ಪ ಅದನ್ನು ರೊಟ್ಟಿ ಅನ್ನುವುದಿಲ್ಲ. ತಿನ್ನುತ್ತಾರೆ, ರೊಟ್ಟಿ ಅನ್ನುವುದಿಲ್ಲ.

ಅಮ್ಮ ನನಗೆ ಕೊಟ್ಟ ಅಳತೆ ಒಂದೇ: ಒಂದು ಪಾವು ಹಿಟ್ಟಿಗೆ ಒಂದು ಪಾವು ನೀರು. ಒಂದಕ್ಕೆ ಒಂದು. ಅಜ್ಜಿ ಅಮ್ಮನಿಗೆ ಕೊಟ್ಟದ್ದೂ ಅದೇ. ಆದರೆ ಒಂದು ವಾರ ಹೂವಿನ ಹಾಗೆ ಬಂದ ರೊಟ್ಟಿ, ಮುಂದಿನ ವಾರ ಅದೇ ಪಾವು ಅದೇ ನೀರಿಗೆ ಅಂಚೆಲ್ಲ ಬಿರುಕು ಬಿಟ್ಟು ಭತ್ತದ ಗದ್ದೆ ಬೇಸಿಗೆಯಲ್ಲಿ ಒಡೆದ ಹಾಗೆ ಕಾಣುತ್ತಿತ್ತು. ಅಮ್ಮ ಬಂದು ಹಿಟ್ಟು ಮುಟ್ಟಿ ನೋಡಿದರು. “ಇದು ನಮ್ಮ ಅಕ್ಕಿ ಅಲ್ಲ” ಅಂದರು. ಚೀಲ ನೋಡಿದರೆ ಹೌದು, ಅಂಗಡಿಯದು.

ಇದು ಅರ್ಥವಾಗಲು ಗದ್ದೆಯ ಕತೆ ಹೇಳಬೇಕು. ಅಜ್ಜನ ಕಾಲಕ್ಕೆ ಮೂರು ಗದ್ದೆಯ ಭತ್ತ ಮನೆಗೆ ವರ್ಷಪೂರ್ತಿ ಸಾಲುತ್ತಿತ್ತು. ಅಪ್ಪನ ಕಾಲಕ್ಕೆ ಇಂಟಾನ್ ಬೆಳೆಯುತ್ತಿದ್ದರು; ತಡವಾಗಿ ಕೊಯ್ಲಿಗೆ ಬರುವ ತಳಿ. ಡಿಸೆಂಬರಿನಲ್ಲಿ ಬಂದ ಹೊಸ ಭತ್ತವನ್ನು ಯಾರೂ ಕೂಡಲೇ ರೊಟ್ಟಿಗೆ ಮುಟ್ಟುತ್ತಿರಲಿಲ್ಲ. ಹೊಸ ಅಕ್ಕಿಯ ಹಿಟ್ಟು ಕಡಿಮೆ ನೀರು ಕುಡಿದು ಮುದ್ದೆಯಾಗಿ ಕೈಗಂಟುತ್ತದೆ, ಹಳೆಯದಾದಷ್ಟೂ ಹೆಚ್ಚು ನೀರು ಕೇಳುತ್ತದೆ. ಹಾಗಾಗಿ ನಾಲ್ಕೈದು ತಿಂಗಳು ಕಣಜದಲ್ಲಿ ಕೂತ ಮೇಲೆ, ಬೇಕಾದಷ್ಟೇ ಮಿಲ್ಲಿಗೆ ಹಾಕಿಸುವುದು. ಒಂದೇ ಗದ್ದೆ, ಒಂದೇ ತಳಿ, ಒಂದೇ ವಯಸ್ಸು. ಒಂದಕ್ಕೆ ಒಂದು ಎನ್ನುವ ಅಳತೆ ಆ ಕಣಜದ ಅಳತೆ. ಅದು ಪಾವಿನಲ್ಲಿ ಇರಲೇ ಇಲ್ಲ.

2019ರ ಆಗಸ್ಟಿನಲ್ಲಿ ಈ ಕಡೆಯೆಲ್ಲ ಗುಡ್ಡ ಜರಿದದ್ದು ನಿಮಗೆ ನೆನಪಿರಬಹುದು. ಮಲೆಮನೆಯಂಥ ಊರುಗಳಲ್ಲಿ ಮನೆಗಳೇ ಹೋದವು, ಹೆಬ್ಬಾಳೆ ಸೇತುವೆ ಭದ್ರೆಯಲ್ಲಿ ಮುಳುಗಿತು. ಅವರ ಮುಂದೆ ನಮ್ಮ ನಷ್ಟ ದೊಡ್ಡದಲ್ಲ: ಆಗತಾನೇ ನಾಟಿ ಮಾಡಿದ್ದ ಮೇಲಿನ ಎರಡು ಗದ್ದೆಗೆ ಮಣ್ಣು ಬಂದು ಕೂತಿತು. ಹನ್ನೊಂದು ದಿನ ಕರೆಂಟಿಲ್ಲ. ಮಿಕ್ಸಿ ತಿರುಗದಿದ್ದರೆ ದೋಸೆ ಇಲ್ಲ. ಮುಂಗಾರಿಗೆ ಮೊದಲೇ ಅಕ್ಕಿ ತೊಳೆದು, ನೆರಳಲ್ಲಿ ಆರಿಸಿ, ಬೀಸಿ ಡಬ್ಬಿಗೆ ತುಂಬಿಟ್ಟಿದ್ದ ಹಿಟ್ಟೇ ಆ ಹನ್ನೊಂದು ದಿನ ನಮ್ಮ ಊಟ. ಮಳೆ ಬಿಟ್ಟ ಮೇಲೆ ಮಣ್ಣು ತೆಗೆಸುವ ಖರ್ಚಿಗೆ ಅಪ್ಪ ಹೆದರಿದರು. ಆ ಎರಡು ಗದ್ದೆ ಹಾಗೇ ಬಿತ್ತು. ಅಲ್ಲಿಂದೀಚೆಗೆ ಮನೆಗೆ ಬರುವ ಅಕ್ಕಿ ಮೂರು ಬಗೆ: ಉಳಿದ ಒಂದು ಗದ್ದೆಯದು, ಅಂಗಡಿಯ ಸೋನಾ ಮಸೂರಿ, ಪಡಿತರದ್ದು.

ಪಡಿತರದ್ದೇ ಒಂದು ಕತೆ. 2023ರ ಜುಲೈಯಿಂದ ಹೆಚ್ಚುವರಿ ಐದು ಕೆಜಿ ಅಕ್ಕಿಯ ಬದಲು ತಲೆಗೆ 170 ರೂಪಾಯಿ ಖಾತೆಗೆ ಬಂತು, 2025ರಲ್ಲಿ ಮತ್ತೆ ಅಕ್ಕಿಯೇ ಬಂತು. ಆ ಅಕ್ಕಿ ತೊಳೆಯುವಾಗ ಅಲ್ಲೊಂದು ಇಲ್ಲೊಂದು ಕಾಳು ತೇಲುತ್ತಿತ್ತು. ಊರಲ್ಲಿ ಪ್ಲಾಸ್ಟಿಕ್ ಅಕ್ಕಿ ಎಂದು ಗುಲ್ಲಾಯಿತು, ಅಜ್ಜಿ ಮರದಲ್ಲಿ ಹಾಕಿ ಆರಿಸಲು ಶುರುಮಾಡಿದರು. ವಿಚಾರಿಸಿದರೆ ಅದು ಸಾರವರ್ಧಿತ ಅಕ್ಕಿ. ಅಕ್ಕಿ ಹಿಟ್ಟಿಗೆ ಕಬ್ಬಿಣದ ಅಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿ, ಬಿಸಿಯಲ್ಲಿ ಕಲಸಿ, ಅಚ್ಚಿನಿಂದ ಒತ್ತಿ, ಅಕ್ಕಿಯ ಆಕಾರಕ್ಕೆ ಕತ್ತರಿಸಿ ಒಣಗಿಸಿದ ಕಾಳನ್ನು ನೂರಕ್ಕೆ ಒಂದರಂತೆ ಬೆರೆಸುತ್ತಿದ್ದರು. ಅಜ್ಜಿಗೆ ಇಷ್ಟನ್ನೂ ವಿವರಿಸಿದೆ. “ಹಿಟ್ಟು ಬೇಯಿಸಿ ಒತ್ತೋದು ಅಂದ್ರೆ ಶಾವಿಗೆ ಅನ್ನು, ಅದಕ್ಕೆಂತ ಇಷ್ಟುದ್ದ ಹೆಸರು” ಅಂದರು. ಆರಿಸುವುದನ್ನು ನಿಲ್ಲಿಸಿದರು. ನಾನು ಬರೆದ ಯಾವ ವರದಿಗೂ ಇಷ್ಟು ಬೇಗ ಫಲ ಸಿಕ್ಕಿಲ್ಲ.

ಈಗ ನನ್ನ ಹತ್ತಿರ ಮೂರು ಡಬ್ಬಿ, ಮೂರು ಅಳತೆ. ಅಂಗಡಿ ಅಕ್ಕಿಗೆ ಒಂದಕ್ಕೆ ಒಂದೂಕಾಲು. ಪಡಿತರದ್ದು ತಿಂಗಳಿಗೊಂದು ಥರ ಬರುತ್ತದೆ, ಮೊದಲ ದಿನ ಒಂದು ಲೋಟ ಹಿಟ್ಟು ಮಾಡಿ ನೋಡಿಯೇ ಮುಂದಿನದು. ಹೆಚ್ಚಾಗಿ ಅದನ್ನು ನೀರುದೋಸೆಗೆ ಹಾಕುತ್ತೇನೆ. ನೀರುದೋಸೆಗೆ ಇಷ್ಟೆಲ್ಲ ಹಟವಿಲ್ಲ. ನೆನೆಸಿ, ಕಾಯಿ ಸೇರಿಸಿ ನುಣ್ಣಗೆ ರುಬ್ಬಿ, ಮಜ್ಜಿಗೆಯಷ್ಟು ತೆಳ್ಳಗೆ ಮಾಡಿ ಕಾದ ಕಾವಲಿಗೆ ಎರಚಿದರೆ ಆಯಿತು. ಗಟ್ಟಿಯಾದರೆ ನೀರು, ತೆಳ್ಳಗಾದರೆ ಒಂದು ಸೌಟು ಹಿಟ್ಟು. ಚಾರ್ಮಾಡಿ ಘಾಟಿ ಹತ್ತಿ ಬಂದು ಕೊಟ್ಟಿಗೆಹಾರದಲ್ಲಿ ಇಳಿದವರು ಅದನ್ನು ತಿಂದು ಹೊಗಳುವುದು ಸರಿಯೇ, ಆದರೆ ಮಾಡುವವರ ಕಡೆಯಿಂದ ನೋಡಿದರೆ ಅದು ಸೋಮಾರಿಗಳಿಗೆ ದೇವರು ಕೊಟ್ಟ ತಿಂಡಿ.

ಕಡುಬಿಗೆ ಮಾತ್ರ ನಾನು ಗದ್ದೆಯ ಅಕ್ಕಿಯನ್ನೇ ಇಡುತ್ತೇನೆ. ತರಿಯನ್ನು ಕುದಿವ ನೀರಲ್ಲಿ ಕೆದಕಿ, ಉಂಡೆ ಕಟ್ಟಿ, ಹಬೆಯಲ್ಲಿ ಮತ್ತೊಮ್ಮೆ ಬೇಯಿಸುವುದು. ಆಷಾಢದ ಮಳೆಗೆ ಕಳಲೆ ಪಲ್ಯ, ಕಡುಬು. ಅಜ್ಜಿಗೆ ಹಲ್ಲಿಲ್ಲ, ಅವರ ಊಟ ಇದೊಂದೇ.

ಇನ್ನು ಊರಿನವರ ಮಾತು. ಮೊದಲ ಆರು ತಿಂಗಳು ಮನೆಗೆ ಬಂದ ಹೆಂಗಸರೆಲ್ಲ ಅಮ್ಮನಿಗೆ ಹೇಳಿದ್ದು ಒಂದೇ: “ಮಗನಿಗೊಂದು ಮದುವೆ ಮಾಡು, ಪಾಪ.” ಆ ಪಾಪ ನನಗೆ. ಮೂವತ್ತನಾಲ್ಕು ವರ್ಷ ಅಮ್ಮ ಮಾಡಿದಾಗ ಯಾರೂ ಪಾಪ ಅಂದಿರಲಿಲ್ಲ. ನನ್ನ ಚಿಕ್ಕಮ್ಮ ಶನಿವಾರ ಭಾನುವಾರ ಹತ್ತಿರದ ಒಂದು ಹೋಂಸ್ಟೇಗೆ ರೊಟ್ಟಿ ಮಾಡಲು ಹೋಗುತ್ತಾರೆ. ಅಲ್ಲಿ ಅದೇ ರೊಟ್ಟಿಗೆ ಅವರಿಗೆ ಕೂಲಿ ಸಿಗುತ್ತದೆ, ಬೆಂಗಳೂರಿನವರು ಫೋಟೊ ತೆಗೆದುಕೊಳ್ಳುತ್ತಾರೆ. ಸೋಮವಾರ ಮನೆಯಲ್ಲಿ ಮಾಡಿದಾಗ ಎರಡೂ ಇಲ್ಲ. ಹೆಣ್ಣು ಹುಡುಕುವವರಿಗೆ ಇದನ್ನು ಹೇಳಿದರೆ ನಗುತ್ತಾರೆ. ನಾನು ನಗಿಸಲು ಹೇಳುವುದಲ್ಲ.

ನನ್ನನ್ನು ನೋಡಿ ನಗದೆ ಇದ್ದವರು ಪಕ್ಕದ ತೋಟದ ಲೈನ್ ಮನೆಯವರು. ಅಲ್ಲಿ ಬಯಲುಸೀಮೆಯಿಂದ ಬಂದ ಒಬ್ಬ ಅಕ್ಕ ಜೋಳದ ರೊಟ್ಟಿ ಬಡಿಯುತ್ತಾರೆ. ಜೋಳಕ್ಕೂ ಅಂಟಿಲ್ಲ, ಅವರೂ ಕುದಿವ ನೀರಿನಲ್ಲೇ ಹಿಟ್ಟು ನಾದುತ್ತಾರೆ. ಎರಡು ಬಾಗಿಲು ಆಚೆ ಅಸ್ಸಾಮಿನ ಒಂದು ಕುಟುಂಬ. ಜನವರಿಯಲ್ಲಿ, ಕಾಫಿ ಕೊಯ್ಲಿನ ನಡುವೆ, ಬಿಹು ಹಬ್ಬಕ್ಕೆ ಅವರು ಪೀಠಾ ಮಾಡಿದರು. ಊರಿನಿಂದ ತರಿಸಿದ ಅಂಟಕ್ಕಿಯನ್ನು ನೆನೆಸಿ, ಬಸಿದು, ಹಸಿಯಿರುವಾಗಲೇ ಕುಟ್ಟಿದ ಪುಡಿ. ಅದನ್ನು ಕಲಸುವುದೇ ಇಲ್ಲ. ಹಾಗೇ ಕಾದ ಕಾವಲಿಯ ಮೇಲೆ ಉದುರಿಸಿ ಒತ್ತಿ, ಮೇಲೆ ಎಳ್ಳು ಬೆಲ್ಲ ಇಟ್ಟು ಸುರುಳಿ ಸುತ್ತಿದರು. ನಾನು ಬಾಯಿಬಿಟ್ಟು ನೋಡಿದೆ. ಅಮ್ಮನಿಗೆ ಎರಡು ತಂದು ಕೊಟ್ಟೆ. ಅಮ್ಮ ಮೊದಲು ಕೇಳಿದ್ದು “ನೀರೆಷ್ಟು?” ಇಲ್ಲವೇ ಇಲ್ಲ ಅಂದರೆ ನಂಬಲಿಲ್ಲ, ಮರುದಿನ ತಾವೇ ನೋಡಿ ಬಂದರು.

ಈ ಬೇಸಿಗೆಯಲ್ಲಿ ಅಪ್ಪ ಮೂರೂ ಗದ್ದೆಗೆ ಅಡಿಕೆ ಹಾಕುವ ಮಾತು ತೆಗೆದರು. ಅವರ ಲೆಕ್ಕ ತಪ್ಪಲ್ಲ. ನಾಟಿಗೆ ಆಳಿಲ್ಲ, ಕಾಡುಹಂದಿ ಕಾಟ ಬೇರೆ, ಭತ್ತ ಬೆಳೆಯುವುದಕ್ಕಿಂತ ಅಕ್ಕಿ ಕೊಳ್ಳುವುದು ಅಗ್ಗ. ಸುತ್ತಲಿನ ಗದ್ದೆಯೆಲ್ಲ ಅಡಿಕೆಯಾಗಿ ನಮ್ಮದೊಂದೇ ಹಸಿರು ಕಾಣುತ್ತಿದೆ, ಹಂದಿಗಳೂ ಅಲ್ಲಿಗೇ ಬರುತ್ತವೆ. ಅಮ್ಮ ಎದುರು ಹೇಳಿದ್ದು ರೊಟ್ಟಿಯ ಮಾತಲ್ಲ. “ಕಳಸದ ಕಡೆ ಎಲೆಚುಕ್ಕಿ ಬಂದು ತೋಟಕ್ಕೆ ತೋಟವೇ ಒಣಗಿತು, ನೋಡಿ ಬಂದಿದೀರಲ್ಲ” ಅಂದರು. ಅಪ್ಪ ಸುಮ್ಮನಾದರು. ಒಂದು ವಾರ ಮನೆಯಲ್ಲಿ ಈ ವಿಷಯ ಯಾರೂ ಎತ್ತಲಿಲ್ಲ. ಅಡಿಕೆ ಸಸಿಗೆ ಮುಂಗಡ ಕೊಟ್ಟಾಗಿತ್ತು ಎಂಬುದು ಆಮೇಲೆ ಗೊತ್ತಾಯಿತು.

ತೀರ್ಮಾನ ಮಾಡಿದ್ದು ಕೊನೆಗೆ ನೀರು. ಮೇಲಿನ ಎರಡು ಗದ್ದೆಗೆ 2019ರಲ್ಲಿ ಬಿದ್ದ ಮಣ್ಣಿನಿಂದ ಎತ್ತರ ಬಂದಿದೆ, ಬಸಿಗಾಲುವೆ ತೆಗೆದರೆ ಅಡಿಕೆ ಬರುತ್ತದೆ. ಕೆಳಗಿನ ಗದ್ದೆ ಹಳ್ಳದ ಮಟ್ಟಕ್ಕಿದೆ, ಮಳೆಗಾಲವಿಡೀ ನೀರು ನಿಲ್ಲುತ್ತದೆ. ಎಷ್ಟು ಕಾಲುವೆ ತೋಡಿದರೂ ಬಸಿಯುವುದಿಲ್ಲ, ಅಡಿಕೆ ಬೇರು ಕೊಳೆಯುತ್ತದೆ ಎಂದು ಸಸಿ ಕೊಡುವವನೇ ಬಂದು ನೋಡಿ ಹೇಳಿದ. ಅಪ್ಪ ಬೇಸರದಿಂದಲೇ ಅದನ್ನು ಭತ್ತಕ್ಕೆ ಬಿಟ್ಟರು. ಅಮ್ಮ ಏನೂ ಹೇಳದೆ ಅಟ್ಟ ಹತ್ತಿ ಬಿತ್ತನೆಯ ಚೀಲ ಇಳಿಸಲು ಹೋದರು. ಎಡಗೈಯಲ್ಲಿ ಆಗಲಿಲ್ಲ, ನಾನು ಇಳಿಸಿಕೊಟ್ಟೆ.

ಜೂನಿನಲ್ಲಿ ಸಸಿಮಡಿ, ಜುಲೈ ಕೊನೆಗೆ ನಾಟಿ. ಲೈನ್ ಮನೆಯ ಅಸ್ಸಾಮಿನವರಿಗೆ ನಾಟಿ ಚೆನ್ನಾಗಿ ಗೊತ್ತಂತೆ, ಎರಡು ದಿನಕ್ಕೆ ಬರುತ್ತೇವೆ ಎಂದಿದ್ದಾರೆ. ಡಿಸೆಂಬರಿಗೆ ಭತ್ತ ಬಂದರೂ ಅದು ಹಳತಾಗಿ ರೊಟ್ಟಿಗೆ ಒದಗುವುದು ಮುಂದಿನ ಯುಗಾದಿಯ ಹೊತ್ತಿಗೆ. ಅಲ್ಲಿಯವರೆಗೆ ಅಂಗಡಿ ಅಕ್ಕಿ, ಒಂದಕ್ಕೆ ಒಂದೂಕಾಲು.