ಅಪ್ಪ ಬಯಸುತ್ತಾರೆ, ನಾನು ಓದಲಿ ಎಂದು

ಬಸವನಗುಡಿಯ ಆ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಮಗಳು ನೋಟ್‌ಬುಕ್ ಬಿಚ್ಚಿದಾಗ ಅಪ್ಪನ ಕಣ್ಣಿಗೆ ಮೊದಲು ಬಿದ್ದದ್ದು ಕೆಂಪು ಶಾಯಿ. ಅವಳು ಬರೆದಿದ್ದ ಸ್ಪ್ಯಾನಿಷ್ ವಾಕ್ಯ: ‘ಮಿ ಪಾದ್ರೆ ಕ್ಯೇರೆ ಕೆ ಎಸ್ತೂದ್ಯೊ’. ನಾನು ಓದಬೇಕೆಂದು ನಮ್ಮಪ್ಪ ಬಯಸುತ್ತಾರೆ ಎಂದು ಹೇಳುವುದು ಅವಳ ಉದ್ದೇಶ. ಮೇಡಂ ಕೊನೆಯ ‘ಒ’ ಹೊಡೆದುಹಾಕಿ ‘ಎ’ ಮಾಡಿದ್ದರು: ಎಸ್ತೂದ್ಯೆ.

“ಒಂದು ಅಕ್ಷರಕ್ಕೆ ಅರ್ಧ ಅಂಕ ಹೋಯ್ತೇನಮ್ಮ?” ಎಂದರು ಅಪ್ಪ. ಹೈಸ್ಕೂಲಿನಲ್ಲಿ 30 ವರ್ಷ ಕನ್ನಡ ಕಲಿಸಿ ನಿವೃತ್ತರಾದವರು. ಮಗಳು ಬಿ.ಕಾಂ. ಮುಗಿಸಿ, ಬ್ಯಾಂಕ್ ಪರೀಕ್ಷೆ ಬಿಟ್ಟು, ಈ ದೂರದ ಭಾಷೆಯ ಬೆನ್ನು ಹತ್ತಿದ್ದು ಅವರಿಗೆ ಸಮ್ಮತವಿರಲಿಲ್ಲ.

“ಎಸ್ತೂದ್ಯೊ ಅಂದ್ರೆ ‘ಓದುತ್ತೇನೆ’ ಅಂತ, ನಡೆಯೋ ಸಂಗತಿ. ನೀವು ಬಯಸೋದು ನಿಜ ಅಪ್ಪ. ನಾನು ಓದ್ತೀನೋ ಇಲ್ವೋ, ಅದು ಬೇರೆ ಮಾತು!”

ಅಪ್ಪ ನಕ್ಕು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.

ನಡೆಯುವುದನ್ನು ಹೇಳಲು ಒಂದು ರೂಪ; ಬಯಕೆ, ಸಂಶಯ, ‘ಬೇಡ’ ಎನ್ನುವ ಮಾತುಗಳಿಗೆ ಇನ್ನೊಂದು. ಈ ಎರಡನೆಯದೇ ಸ್ಪ್ಯಾನಿಷ್‌ನ ‘ಸುಬ್‌ಹುಂತೀವೊ’. ನಿಯಮಕ್ಕೆ ಬಗ್ಗುವ ಕ್ರಿಯಾಪದಗಳಲ್ಲಿ ಇದು ಬರೀ ಸ್ವರಗಳ ಅದಲುಬದಲು. ‘ನಾನು’ ರೂಪದ ಕೊನೆಯ ‘ಒ’ ತೆಗೆಯಬೇಕು. ಆಬ್ಲಾರ್, ಅಂದರೆ ಮಾತಾಡು. ‘ಆರ್’ ಗುಂಪಿನ ಇಂಥವಕ್ಕೆ ‘ಎ’ ಹಚ್ಚಿದರೆ ಆಬ್ಲೆ. ಕೊಮೇರ್ (ತಿನ್ನು), ವಿವೀರ್ (ಬಾಳು) ಮುಂತಾದವಕ್ಕೆ ‘ಆ’ ಹಚ್ಚಿದರೆ ಕೋಮಾ, ವೀವಾ. ‘ನೀನು’ ಆದರೆ ಕೊನೆಗೊಂದು ‘ಸ್’, ‘ಅವರು’ ಆದರೆ ‘ನ್’. ‘ನಾನು’ ಮತ್ತು ‘ಅವನು’ ಎರಡಕ್ಕೂ ಒಂದೇ ರೂಪ.

ವೀವಾ ಎಂಬ ಮಾತು ಪತ್ರಿಕೆ ಓದುವವರಿಗೆ ಹೊಸದಲ್ಲ. 1810ರಲ್ಲಿ ದೊಲೋರೆಸ್ ಎಂಬ ಊರಿನಲ್ಲಿ ಪಾದ್ರಿ ಮಿಗೆಲ್ ಇದಾಲ್ಗೊ ಬಂಡಾಯಕ್ಕೆ ಕರೆಕೊಟ್ಟ ನೆನಪಿಗೆ ಸೆಪ್ಟೆಂಬರ್ 15ರ ರಾತ್ರಿ ಮೆಕ್ಸಿಕೊ ಅಧ್ಯಕ್ಷರು ಅರಮನೆಯ ಮೇಲಿನಿಂದ ‘ವೀವಾ ಮೇಹಿಕೊ’ ಎಂದು ಕೂಗುತ್ತಾರೆ. ಕೆಳಗೆ ನೆರೆದ ಜನ ‘ವೀವಾ’ ಎಂದು ದನಿಗೂಡಿಸುತ್ತಾರೆ. (ನಮ್ಮ ಕಾಲೇಜು ಹುಡುಗರನ್ನು ನಡುಗಿಸುವ ‘ವೈವಾ’ ಬೇರೆ, ಅದು ಲ್ಯಾಟಿನ್‌ನದು.)

“ಅಯ್ಯೋ, ಇದು ನಮ್ಮ ‘ಬಾಳಲಿ’ಯೇ ಅಲ್ವೆ? ‘ಲಿ’ ಬಂದಲ್ಲೆಲ್ಲ ಸ್ವರ ಬದಲಿಸು, ಮುಗೀತು,” ಎಂದರು ಮೇಷ್ಟ್ರು.

ಅಷ್ಟಕ್ಕೇ ಮುಗಿಯಲಿಲ್ಲ. ‘ಅವನು ಓದುತ್ತಾನೆಂದು ನಂಬುತ್ತೇನೆ’ ಎಂಬಲ್ಲಿ ಎಸ್ತೂದ್ಯಾ. ‘ಓದುತ್ತಾನೆಂದು ನಂಬುವುದಿಲ್ಲ’ ಎಂಬಲ್ಲಿ ಎಸ್ತೂದ್ಯೆ. ಕನ್ನಡದ ‘ಓದುತ್ತಾನೆ’ ಎರಡೂ ಕಡೆ ಅಲುಗುವುದಿಲ್ಲ. ‘ತಿನ್ನಬೇಡ’ ಎನ್ನಲು ‘ನೋ ಕೋಮಾಸ್’. ಅಲ್ಲೂ ‘ಲಿ’ ಇಲ್ಲ. ‘ನೀನು ಮುಗಿಸಿದಾಗ ಹೇಳು’ ಎಂಬುದಂತೂ ಇನ್ನೂ ವಿಚಿತ್ರ. ಆಗದ ಕೆಲಸಕ್ಕೆ ನಾವು ಆಗಿಹೋದ ‘ಮುಗಿಸಿದ’ ಬಳಸುತ್ತೇವೆ. ಸ್ಪ್ಯಾನಿಷ್ ಅದನ್ನು ಒಪ್ಪದು. ಮುಂದೆ ಆಗಬೇಕಾದದ್ದಾದರೆ ಇದೇ ರೂಪ ಬೇಕು. ‘ಓದಲಿ’ ವಿಧ್ಯರ್ಥಕ, ‘ಓದಿಯಾನು’ ಸಂಭಾವನಾರ್ಥಕ, ‘ಬೇಡ’ ಮತ್ತೊಂದು ಎಂದು ನಾವು ಬೇರೆ ಬೇರೆ ಮನೆಯಲ್ಲಿ ಇಟ್ಟದ್ದನ್ನು ಆ ಭಾಷೆ ಒಂದೇ ಸೂರಿನಡಿ ಕೂಡಿಸಿದೆ.

ಮೇಷ್ಟ್ರು ಬಹಳ ಹೊತ್ತು ಸುಮ್ಮನಿದ್ದರು. ಮಾರನೆಯ ದಿನದಿಂದ ಕೋಷ್ಟಕ ಒಪ್ಪಿಸು ಎನ್ನಲಿಲ್ಲ. ಮಗಳ ಪ್ರತಿ ವಾಕ್ಯಕ್ಕೂ ಅರ್ಥ ಕೇಳಿ, ಒಂದೇ ಪ್ರಶ್ನೆ ಹಾಕುತ್ತಿದ್ದರು: “ಇದು ಆದದ್ದೋ, ಇನ್ನೂ ಇಲ್ಲವೋ?” ಭಾಷೆಯ ಗಂಧವಿಲ್ಲದ ತಂದೆ ಇದಕ್ಕಿಂತ ಒಳ್ಳೆಯ ಪಾಠ ಹೇಳಿಕೊಡುವುದು ಕಷ್ಟ. ಬಾಯಿಪಾಠದ ಕೋಷ್ಟಕ ಮಾತಿನ ಹೊತ್ತಿಗೆ ನಾಲಗೆಗೆ ಬಂದೀತೆಂಬ ಭರವಸೆ ಇಲ್ಲ.

ಸೆರ್ವಾಂತೆಸ್ ಸಂಸ್ಥೆಯ ‘ದೆಲೆ’ ಪರೀಕ್ಷೆ ಬರೆಯಲು ಅವಳು ದೆಹಲಿಗೆ ಹೊರಟ ದಿನ ಅಪ್ಪನೇ ಸ್ಟೇಷನ್ನಿಗೆ ಬಂದರು. ಬ್ಯಾಂಕಿನ ಮಾತು ಎತ್ತಲಿಲ್ಲ.

“ಮುಗಿಸಿದ ಮೇಲೆ ಫೋನ್ ಮಾಡು.”

“ಕ್ವಾಂದೊ ತೆರ್ಮೀನೊ...” ಕಿಟಕಿಯಿಂದ ಮಗಳು ಶುರುಮಾಡಿದಳು.

“ಇನ್ನೂ ಮುಗಿಸಿಲ್ಲವಲ್ಲಮ್ಮ.”

“ತೆರ್ಮೀನೆ,” ಎಂದು ತಿದ್ದಿಕೊಂಡಳು. ರೈಲು ಹೊರಟಿತ್ತು.